ಕೆರೆಯ ಅಂಚನ್ನು ಬಳಿದು ಹಾಕಬೇಡಿ: ನೀರ ಮೇಲೆ ಬೇಟೆಯಾಡುವ ಜೇಡದ ಪರವಾಗಿ ಒಂದು ಬಹಿರಂಗ ಪತ್ರ

ಕೆರೆ ಅಭಿವೃದ್ಧಿ ಕಾಮಗಾರಿಯ ಅಂದಾಜು ಪಟ್ಟಿ ಬರೆಯುವ ಎಂಜಿನಿಯರುಗಳಿಗೆ, ಅದಕ್ಕೆ ಮಂಜೂರಾತಿ ಕೊಡುವ ಅಧಿಕಾರಿಗಳಿಗೆ, ಗ್ರಾಮ ಪಂಚಾಯ್ತಿ ಸದಸ್ಯರಿಗೆ, ಊರೂರಿನ ಕೆರೆ ಸಮಿತಿಗಳ ಗೆಳೆಯರಿಗೆ,

ನಮಸ್ಕಾರ.

ಮಳೆಗಾಲಕ್ಕೆ ಮೊದಲು ನೀವು ಕೈಗೆತ್ತಿಕೊಳ್ಳುವ ಕೆರೆಗಳ ಬಗ್ಗೆ ಈ ಪತ್ರ. ಹೂಳೆತ್ತಿಸಿ, ಏರಿ ಭದ್ರಪಡಿಸಿ, ತೂಬು ಕೋಡಿ ರಿಪೇರಿ ಮಾಡಿಸಿ, ಒತ್ತುವರಿ ಬಿಡಿಸಿ. ಇದಕ್ಕೆಲ್ಲ ನನ್ನ ಬೆಂಬಲವಿದೆ, ಸಭೆ ಕರೆದರೆ ಬಂದು ಕೈಯೆತ್ತುತ್ತೇನೆ. ನನ್ನ ಬೇಡಿಕೆ ಒಂದೇ. ಕೆರೆಯ ಅಂಚನ್ನು ಸುತ್ತಲೂ ಒಂದೇ ಸಲಕ್ಕೆ ಬಳಿದು ಹಾಕಬೇಡಿ. ಜೊಂಡು, ಆಪು, ಹುಲ್ಲು ಬೆಳೆದು, ನೀರು ಪಾದದಿಂದ ಮೊಣಕಾಲಿನವರೆಗೆ ನಿಲ್ಲುವ ಆ ಇಳಿಜಾರು ಪಟ್ಟಿಯಲ್ಲಿ ಒಂದು ಭಾಗವನ್ನು ಇದ್ದ ಹಾಗೆ ಬಿಡಿ. ಎಲ್ಲಿ ಬಿಟ್ಟಿದ್ದೀರಿ ಎಂಬುದನ್ನು ನಕ್ಷೆಯಲ್ಲೇ ತೋರಿಸಿ.

ಇದನ್ನು ಕೇಳುತ್ತಿರುವುದು ಮುಖ್ಯವಾಗಿ ಒಂದು ಜೇಡಕ್ಕಾಗಿ. ಹಕ್ಕಿಗಳ ಪರವಾಗಿ ಮಾತನಾಡುವವರು ಈಗ ಊರಿಗೊಬ್ಬರಾದರೂ ಇದ್ದಾರೆ, ಅದು ಸಂತೋಷದ ಸಂಗತಿ. ಮೀನಿನ ಚಿಂತೆ ಮಾಡಲು ಗುತ್ತಿಗೆದಾರರಿದ್ದಾರೆ. ನೀರಿನ ಮೇಲೆ ಓಡಾಡಿ ಬದುಕುವ ಜೇಡಕ್ಕಾಗಿ ಯಾರಾದರೂ ಅರ್ಜಿ ಹಿಡಿದು ಬಂದದ್ದನ್ನು ನಾನು ಕಂಡಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಈ ಜೇಡವನ್ನು ನೋಡಬೇಕೆಂದರೆ ಬಿಸಿಲು ಏರುವ ಮೊದಲು ಕೆರೆಗೆ ಹೋಗಿ, ಜೊಂಡಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು. ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಪಳಗಿದ ಮೇಲೆ, ನೀರಿಗೆ ಬಾಗಿದ ಒಂದು ಎಲೆಯ ಮೇಲೆ ಕಂದು ಮೈಯ, ಪಕ್ಕೆಯುದ್ದಕ್ಕೂ ಬಿಳಿಯ ಪಟ್ಟಿ ಎಳೆದ ಜೇಡ ಕೂತಿರುವುದು ಗೊತ್ತಾಗುತ್ತದೆ. ಹಿಂಗಾಲುಗಳು ಎಲೆಯನ್ನು ಹಿಡಿದಿರುತ್ತವೆ, ಮುಂಗಾಲುಗಳು ನೀರಿನ ಮೇಲೆ ಚಾಚಿರುತ್ತವೆ. ಕಾಲಿನ ತುದಿ ತಾಗಿದಲ್ಲಿ ನೀರು ಒಂದಿಷ್ಟೇ ತಗ್ಗಿರುತ್ತದೆ, ಮುಳುಗಿರುವುದಿಲ್ಲ. ಆ ಮುಂಗಾಲೇ ಅದರ ಕಿವಿ, ಅದರ ಬಲೆ ಕೂಡ. ಗಾಳಿಗೆ ಏಳುವ ಅಲೆಗೆ ಅದು ಅಲ್ಲಾಡುವುದಿಲ್ಲ. ಒಂದು ಮಿಡತೆಯೋ ಹಾತೆಯೋ ಆಯತಪ್ಪಿ ನೀರಿಗೆ ಬಿದ್ದು ಒದ್ದಾಡಿತೆಂದರೆ, ಆ ಒದ್ದಾಟದ ಸಣ್ಣ ಸಣ್ಣ ಅಲೆ ಬೇರೆಯದೇ ಲಯದಲ್ಲಿ ಬಂದು ಕಾಲಿಗೆ ತಾಗುತ್ತದೆ. ಜೇಡ ಆಗ ನೀರಿನ ಮೇಲೇ ಓಡಿಹೋಗಿ ಹಿಡಿಯುತ್ತದೆ. ಅವಸರವಿಲ್ಲದಾಗ ನಡುವಿನ ಎರಡು ಜೊತೆ ಕಾಲುಗಳಿಂದ ಹುಟ್ಟು ಹಾಕುತ್ತ ಸಾಗುತ್ತದೆ.

ಅಪಾಯ ಕಂಡರೆ ಮಾಡುವ ಕೆಲಸ ಇನ್ನೂ ಚೆಂದ. ದಂಟನ್ನು ಹಿಡಿದು ಹಿಂದೆ ಹಿಂದೆ ಸರಿಯುತ್ತ ನೀರಿನೊಳಗೆ ಇಳಿದುಬಿಡುತ್ತದೆ. ಮೈತುಂಬ ಇರುವ ನವಿರಾದ ರೋಮಗಳ ನಡುವೆ ಗಾಳಿ ಸಿಕ್ಕಿಕೊಂಡು ಇಡೀ ಮೈ ಬೆಳ್ಳಿ ಬಳಿದಂತೆ ಹೊಳೆಯುತ್ತದೆ. ಆ ಗಾಳಿಯನ್ನೇ ಉಸಿರಾಡಿಕೊಂಡು ಬಹಳ ಹೊತ್ತು ಕೆಳಗೇ ಇರಬಲ್ಲದು. ಮೇಲೆ ಬಂದಾಗ ಒಂದು ಹನಿಯೂ ಮೈಗೆ ಅಂಟಿರುವುದಿಲ್ಲ.

ನಮ್ಮ ದೇಶದಲ್ಲಿ ನೈಲಸ್ ಎಂಬ ಕುಲದ ಜೇಡಗಳು ಹೀಗೆ ಬದುಕುತ್ತವೆ. ಯುರೋಪು, ಅಮೆರಿಕ, ಆಸ್ಟ್ರೇಲಿಯಾ ಕಡೆ ಇವುಗಳ ಹತ್ತಿರದ ಬಂಧುಗಳು ಡಾಲಮೀಡಿಸ್ ಕುಲದವು. ನೈಲಸ್ ಪಿಸಾರಿಡೇ ಕುಟುಂಬಕ್ಕೆ ಸೇರಿದ್ದು, ಡಾಲಮೀಡಿಸ್ ಅನ್ನೂ ಬಹುಕಾಲ ಇದೇ ಕುಟುಂಬದಲ್ಲಿ ಎಣಿಸುತ್ತಿದ್ದರು. ಈ ಕುಟುಂಬದ ತಾಯಂದಿರ ರೀತಿಯನ್ನು ನೀವು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಮೊಟ್ಟೆಗಳನ್ನೆಲ್ಲ ರೇಷ್ಮೆಯ ಒಂದು ಉಂಡೆಯಲ್ಲಿ ಸುತ್ತಿ, ಆ ಉಂಡೆಯನ್ನು ಬಾಯಲ್ಲಿ ಕಚ್ಚಿಕೊಂಡು ತಿರುಗುತ್ತವೆ. ಉಂಡೆ ಎಷ್ಟು ದೊಡ್ಡದೆಂದರೆ ಜೇಡ ಕಾಲ್ಬೆರಳ ತುದಿಯಲ್ಲಿ ನಡೆದ ಹಾಗೆ ಮೈಯೆತ್ತಿಕೊಂಡು ನಡೆಯಬೇಕು. ಮರಿ ಹೊರಬರುವ ದಿನ ಹತ್ತಿರವಾದಾಗ, ನೀರಿನಿಂದ ಮೇಲೆದ್ದು ನಿಂತ ಗಟ್ಟಿ ಎಲೆಗಳನ್ನು ಆರಿಸಿ, ಅವನ್ನು ಒಂದಕ್ಕೊಂದು ಎಳೆದು ಕಟ್ಟಿ ಡೇರೆ ಹೂಡುತ್ತವೆ. ಉಂಡೆಯನ್ನು ಅದರೊಳಗೆ ತೂಗುಹಾಕಿ, ಮರಿಗಳು ಚದುರಿಹೋಗುವ ತನಕ ಪಕ್ಕದಲ್ಲೇ ಕಾವಲು ಕೂರುತ್ತವೆ.

ನೀರಿನಿಂದ ಮೇಲೆದ್ದು ನಿಂತ ಗಟ್ಟಿ ಎಲೆಗಳು ಎಂದೆನಲ್ಲ, ನನ್ನ ಇಡೀ ಪತ್ರ ನಿಂತಿರುವುದು ಅಲ್ಲಿಯೇ. ಅವು ಬೆಳೆಯುವುದು ಕೆರೆಯ ಅಂಚಿನ ತೆಳುನೀರಿನಲ್ಲಿ. ಇಂದಿನ ಕಾಮಗಾರಿಗಳಲ್ಲಿ ಮೊದಲು ಹೋಗುವುದೂ ಅದೇ ಜಾಗ. ಹಿಟಾಚಿ ಇಳಿದ ದಿನವೇ ಜೊಂಡು ಟ್ರ್ಯಾಕ್ಟರ್ ಹತ್ತುತ್ತದೆ. ಆಮೇಲೆ ಇಳಿಜಾರನ್ನು ಕಡಿದು ನೆಟ್ಟಗೆ ಮಾಡುತ್ತಾರೆ, ಸುತ್ತಲೂ ಕಲ್ಲು ಜೋಡಿಸುತ್ತಾರೆ, ಮೇಲೆ ನಡಿಗೆ ಪಥ ಬರುತ್ತದೆ. ನೀರು ತುಂಬಿದಾಗ ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ದಡದಲ್ಲಿ ಕಾಲಿಟ್ಟರೆ ನೇರ ಆಳ. ತೆಳುನೀರೂ ಇಲ್ಲ, ಬೇರು ಬಿಡಲು ಕೆಸರೂ ಇಲ್ಲ. ನಾನು ಬಲ್ಲ ಒಂದು ಕೆರೆಯಲ್ಲಿ ಹೀಗೇ ಆಯಿತು. ನಾಮಗೋಳಿ, ನೀರುಕಾಗೆಗಳು ಎರಡನೇ ಮಳೆಗಾಲಕ್ಕೆ ಒಂದಷ್ಟು ಮರಳಿ ಬಂದವು. ಕಲ್ಲಿನ ಸಂದಿಯಲ್ಲಿ ಹುಲ್ಲೂ ಚಿಗುರಿತು. ನೀರಿನ ಮೇಲಿನ ಜೇಡ ಮಾತ್ರ ಈವರೆಗೂ ಕಣ್ಣಿಗೆ ಬಿದ್ದಿಲ್ಲ.

ನೀರು ತುಂಬಿಸಿದರೆ ಉಳಿದದ್ದು ತಾನಾಗಿ ಬರುತ್ತದೆ ಎಂದು ನಿಮ್ಮಲ್ಲಿ ಅನೇಕರು ಪ್ರಾಮಾಣಿಕವಾಗಿ ನಂಬಿದ್ದೀರಿ. ಇಂಗ್ಲೆಂಡಿನಲ್ಲಿ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು, ಯಾಕೆಂದರೆ ಇಷ್ಟು ದೀರ್ಘಕಾಲ ದಾಖಲಾದ ನೀರ್ಜೇಡದ ಕಥೆ ನನಗೆ ಗೊತ್ತಿರುವಂತೆ ಇನ್ನೊಂದಿಲ್ಲ. ಸಫೊಕ್ ಮತ್ತು ನಾರ್ಫೊಕ್ ಜಿಲ್ಲೆಗಳ ಗಡಿಯಲ್ಲಿ, ವೇವ್ನಿ ನದಿ ಹುಟ್ಟುವ ಕಡೆ, ರೆಡ್‌ಗ್ರೇವ್ ಮತ್ತು ಲೋಫಮ್ ಫೆನ್ ಎಂಬ ಜೌಗು ಪ್ರದೇಶವಿದೆ. 1956ರಲ್ಲಿ ಎರಿಕ್ ಡಫಿ ಎಂಬ ವಿಜ್ಞಾನಿ ಅಲ್ಲಿ ಡಾಲಮೀಡಿಸ್ ಪ್ಲಾಂಟೇರಿಯಸ್ ಎಂಬ ಜೇಡವನ್ನು ಗುರುತಿಸಿದರು. ಬ್ರಿಟನ್ನಿನಲ್ಲಿ ಅದು ಇದೆಯೆಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜೌಗಿನ ಪಕ್ಕದಲ್ಲೇ ಕುಡಿಯುವ ನೀರಿಗೆಂದು ಆಳದ ಕೊಳವೆಬಾವಿ ಕೊರೆದರು. ಕೆಳಗಿನಿಂದ ಉಕ್ಕುತ್ತಿದ್ದ ಒರತೆ ನಿಂತುಹೋಯಿತು. ಜೌಗು ಒಣಗಿ ಪೊದೆ ಬೆಳೆಯಿತು. ಹಿಂದೆ ಪೀಟ್, ಅಂದರೆ ಗಿಡಗಂಟಿ ಕೊಳೆತು ಆದ ಕಪ್ಪು ಮಣ್ಣನ್ನು ಕಡಿದು ಉಳಿದಿದ್ದ ಕೆಲವೇ ಹೊಂಡಗಳಿಗೆ ಜೇಡಗಳು ಸೇರಿಕೊಂಡವು. ಬರಗಾಲ ಬಂದಾಗ ಆ ಹೊಂಡಗಳಿಗೆ ಹೊರಗಿನಿಂದ ನೀರು ಹರಿಸಿ ಜೀವ ಉಳಿಸಬೇಕಾಯಿತು.

1981ರ ವನ್ಯಜೀವಿ ಕಾಯ್ದೆಯಡಿ ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. 1999ರಲ್ಲಿ ಆ ಕೊಳವೆಬಾವಿಯನ್ನೇ ಅಲ್ಲಿಂದ ಸ್ಥಳಾಂತರಿಸಿದರು. ನೀರು ಮರಳಿತು. ಜೇಡ ಮಾತ್ರ ಹರಡಲಿಲ್ಲ, ಹಳೆಯ ಹೊಂಡಗಳ ಸುತ್ತಲೇ ವರ್ಷಗಟ್ಟಲೆ ಉಳಿಯಿತು. ಕೊನೆಗೆ 2010ರಿಂದ ಹೆಲೆನ್ ಸ್ಮಿತ್ ಎಂಬ ಜೇಡತಜ್ಞೆ ಮರಿಗಳನ್ನು ಒಂದೊಂದು ಪರೀಕ್ಷಾನಳಿಕೆಯಲ್ಲಿ ಒಂದೊಂದರಂತೆ ಇಟ್ಟು, ಹಣ್ಣುನೊಣ ತಿನ್ನಿಸಿ ಸಾವಿರಗಟ್ಟಲೆ ಬೆಳೆಸಿದರು. ಬೇರೆ ಬೇರೆ ಮೃಗಾಲಯಗಳೂ ಮರಿ ಸಾಕಲು ಕೈಜೋಡಿಸಿದವು. ಅವನ್ನು ತಕ್ಕ ಜೌಗುಗಳಿಗೆ ಒಯ್ದು ಬಿಟ್ಟರು. ಬಿಡುವ ಜಾಗ ಆರಿಸುವಾಗ ನೋಡಿದ್ದು ನೀರಿನ ಶುದ್ಧತೆ ಒಂದನ್ನೇ ಅಲ್ಲ, ತಾಯಿಜೇಡ ಡೇರೆ ಹೂಡಲು ಗಟ್ಟಿ ಎಲೆಯ ಗಿಡ ನೀರಂಚಿನಲ್ಲಿ ಸಾಕಷ್ಟು ಇದೆಯೇ ಎಂಬುದನ್ನೂ. ಈಗ ಅದು ನಾರ್ಫೊಕ್ ಬ್ರಾಡ್ಸ್ ಸೇರಿ ಹಲವು ಕಡೆ ನೆಲೆ ಕಂಡಿದೆ.

ಐವತ್ತು ವರ್ಷ ಬೇಕಾಯಿತು. ಹಣವಿತ್ತು, ಕಾನೂನಿತ್ತು, ಆ ಒಂದು ಜೇಡವನ್ನೇ ಬದುಕಿನ ಕೆಲಸ ಮಾಡಿಕೊಂಡ ವಿಜ್ಞಾನಿ ಇದ್ದರು, ಆಗಲೂ ಐವತ್ತು ವರ್ಷ. ನಮ್ಮಲ್ಲಿ ಯಾವ ಕೆರೆಯಲ್ಲಿ ಯಾವ ನೀರ್ಜೇಡ ಇದೆ ಎಂಬ ಪಟ್ಟಿಯೇ ಇಲ್ಲದೆ ಅಂಚು ಬಳಿಯುತ್ತಿದ್ದೇವೆ. ಹೋದರೆ ಹೋಯಿತೆಂದು ತಿಳಿಯುವುದಕ್ಕೂ ದಾರಿಯಿಲ್ಲ.

ಕಾನೂನು ಕಾಪಾಡುತ್ತದೆ ಎನ್ನಬೇಡಿ. 2017ರ ಜೌಗುಪ್ರದೇಶ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳನ್ನು ಓದಿದ್ದೇನೆ. ಅದರ ವ್ಯಾಖ್ಯೆಯಿಂದ ಭತ್ತದ ಗದ್ದೆಯನ್ನೂ, ನೀರಾವರಿಗೆಂದೋ ಕುಡಿಯುವ ನೀರಿಗೆಂದೋ ಮನುಷ್ಯರು ಕಟ್ಟಿದ ಕೆರೆಯನ್ನೂ ಹೊರಗಿಟ್ಟಿದ್ದಾರೆ. ಬಯಲುಸೀಮೆಯ ಕೆರೆಗಳಲ್ಲಿ ಕಟ್ಟದೆ ಆದದ್ದು ಎಷ್ಟಿದೆ? ನಮ್ಮ ಹಿರಿಯರು ಹಳ್ಳಕ್ಕೆ ಅಡ್ಡ ಏರಿ ಹಾಕಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲು ಸಾಲಾಗಿ ಕಟ್ಟಿದವು ಇವೆಲ್ಲ. ಅದೇ ಕಾರಣಕ್ಕೆ ನಿಯಮದ ನೆರಳಿನಿಂದ ಹೊರಗೆ ಬಿದ್ದಿವೆ. ಹಾಗೆಂದು ಅವುಗಳಲ್ಲಿ ಜೀವ ಕಡಿಮೆಯೇನಲ್ಲ. ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಒಪ್ಪಂದವಾದ ರಾಮ್ಸರ್‌ನ ಮಾನ್ಯತೆ ಪಡೆದ ತಾಣಗಳು ಕರ್ನಾಟಕದಲ್ಲಿ ನಾಲ್ಕು. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆ. ಇವುಗಳಲ್ಲಿ ಅಂಕಸಮುದ್ರ, ಮಾಗಡಿ ಎರಡೂ ನೀರಾವರಿಗೆಂದು ಕಟ್ಟಿದ ಕೆರೆಗಳೇ. ಮಾಗಡಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರುತ್ತದೆ, ಎಣಿಸಲು ಜನ ಹೋಗುತ್ತಾರೆ. ಎಲ್ಲ ಕೆರೆಗೂ ಹೆಬ್ಬಾತು ಬರುವುದಿಲ್ಲ. ಉಳಿದವುಗಳಿಗೆ ಉಳಿಯುವ ರಕ್ಷಣೆ ನೀವು ಬರೆಯುವ ಅಂದಾಜು ಪಟ್ಟಿಯ ಒಂದು ಸಾಲು ಮಾತ್ರ. ಅದಕ್ಕೇ ಈ ಪತ್ರವನ್ನು ಮಂತ್ರಿಗಳಿಗೆ ಬರೆಯದೆ ನಿಮಗೆ ಬರೆದೆ.

ರೈತರು ಕೇಳಬಹುದು, ಜೇಡದಿಂದ ನಮಗೇನು ಎಂದು. ಅಚ್ಚುಕಟ್ಟಿನಲ್ಲಿ ಭತ್ತ ಹಾಕುವವರಿಗೆ ಇದರ ಉತ್ತರ ಅರ್ಧ ಗೊತ್ತೇ ಇದೆ. ನಾಟಿಯಾದ ಗದ್ದೆಯಲ್ಲಿ ನೀರಿನ ಮೇಲೆ ಸರಸರ ಓಡುವ ಬೂದು ಬಣ್ಣದ ಜೇಡವನ್ನು ನೋಡಿಯೇ ಇರುತ್ತೀರಿ. ಬೆನ್ನ ಮೇಲೆ ಮರಿಗಳ ರಾಶಿ ಹೊತ್ತಿರುವುದೂ ಉಂಟು. ಇದು ತೋಳಜೇಡ, ಪಾರ್ಡೋಸಾ ಸ್ಯೂಡೋಆನ್ಯುಲೇಟಾ. ನಾನು ಮೇಲೆ ಹೇಳಿದ ಜೇಡದ ಕುಟುಂಬವಲ್ಲ, ಆದರೆ ಅದರಂತೆಯೇ ನೀರಿಗೂ ನೆಲಕ್ಕೂ ಒಗ್ಗಿದ್ದು. ಗಂಗಾವತಿ, ಸಿಂಧನೂರು, ಮಂಡ್ಯ ಸೀಮೆಯ ರೈತರ ನಿದ್ದೆಗೆಡಿಸುವ ಕಂದು ಜಿಗಿಹುಳುವಿಗೆ ಇದಕ್ಕಿಂತ ದೊಡ್ಡ ವೈರಿ ಕಡಿಮೆ. ಸಿಂಪಡಣೆ ಮಾಡಿದಾಗ ಆಗುವುದೇನೆಂದರೆ, ಜಿಗಿಹುಳು ಮೊಟ್ಟೆ ಇಡುವುದು ಪೈರಿನ ಎಲೆಕವಚದ ಒಳಗೆ. ವಿಷ ಅಲ್ಲಿಗೆ ಸರಿಯಾಗಿ ತಾಗುವುದಿಲ್ಲ. ಹೊರಗೆ ತಿರುಗುವ ಜೇಡ ಸಾಯುತ್ತದೆ. ವಾರ ಕಳೆದು ಮೊಟ್ಟೆಯೊಡೆದು ಬಂದ ಹುಳುವಿಗೆ ತಿನ್ನುವವರೇ ಇಲ್ಲದ ಗದ್ದೆ ಸಿಗುತ್ತದೆ. ಇಂಡೋನೇಷ್ಯಾದಲ್ಲಿ ಇದು ವಿಪರೀತಕ್ಕೆ ಹೋಗಿ, 1986ರಲ್ಲಿ ಅಲ್ಲಿನ ಅಧ್ಯಕ್ಷ ಸುಹಾರ್ತೋ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿದರು.

ಬೇಸಿಗೆಯಲ್ಲಿ ಗದ್ದೆ ಒಣಗಿ ಬಿರುಕು ಬಿಟ್ಟಾಗ ಇಂಥ ಜೀವಿಗಳು ಎಲ್ಲಿ ಇರಬೇಕು? ತೇವ ಉಳಿದ ಕಡೆ. ಬದು, ಕಾಲುವೆ ಪಕ್ಕ, ಕೆರೆಯ ಅಂಚು. ಮುಂದಿನ ಬೆಳೆಗೆ ಅಲ್ಲಿಂದಲೇ ಗದ್ದೆಗೆ ಮರಳಬೇಕು. ನೀವು ಅಂಚು ಬಳಿಯುವುದೂ ಸರಿಯಾಗಿ ಬೇಸಿಗೆಯಲ್ಲೇ.

ಮೀನು ಗುತ್ತಿಗೆದಾರರ ಆತಂಕಕ್ಕೂ ಒಂದು ಮಾತು. ಹೌದು, ಈ ಜೇಡಗಳು ಮೀನು ಹಿಡಿಯುತ್ತವೆ. ಬಾಸೆಲ್ ವಿಶ್ವವಿದ್ಯಾಲಯದ ಮಾರ್ಟಿನ್ ನೈಫೆಲರ್ ಮತ್ತು ಆಸ್ಟ್ರೇಲಿಯಾದ ಬ್ರ್ಯಾಡ್ಲಿ ಪುಸಿ 2014ರಲ್ಲಿ ಜಗತ್ತಿನಾದ್ಯಂತ ಇಂಥ ಘಟನೆಗಳನ್ನು ಕಲೆಹಾಕಿ ಪ್ರಕಟಿಸಿದರು. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಿಂದಲೂ ದಾಖಲೆ ಸಿಕ್ಕಿತು. ಹಿಡಿದ ಮೀನುಗಳ ಉದ್ದ ಹೆಚ್ಚಾಗಿ 2ರಿಂದ 6 ಸೆಂಟಿಮೀಟರ್, ಅಂದರೆ ಜೇಡದ ಮೈಗಿಂತ ಸರಾಸರಿ ಎರಡು ಪಟ್ಟು ಉದ್ದ. ತನಗಿಂತ ದೊಡ್ಡದನ್ನು ವಿಷದಿಂದ ನಿಶ್ಚಲಗೊಳಿಸಿ, ಒಣ ಜಾಗಕ್ಕೆ ಎಳೆದು ತಂದು ತಿನ್ನುವ ಆ ಬಲವನ್ನು ನೆನೆದರೆ ನನಗೆ ಗೌರವ ಬರುತ್ತದೆ. ಹಾಗಂತ ಕೆರೆಗೆ ಬಿಟ್ಟ ಕಾಟ್ಲಾ, ರೋಹು ಮರಿಗಳಿಗೆ ಇದು ಕಂಟಕವೆಂದು ಹೆದರಬೇಕಿಲ್ಲ. ಜೇಡದ ದಿನನಿತ್ಯದ ಊಟ ಹುಳುಹುಪ್ಪಟೆ. ಮೀನು ಯಾವಾಗಲೋ ಒಮ್ಮೆ ಸಿಗುವ ಹಬ್ಬದೂಟ. ಅಡಗುವುದಕ್ಕೆ ಜೊಂಡಿನ ಬುಡವಿಲ್ಲದ ಕೆರೆಯಲ್ಲಿ ಮೀನುಮರಿಗೆ ಕೊಕ್ಕರೆ ಮಿಂಚುಳ್ಳಿಗಳಿಂದಾಗುವ ನಷ್ಟ ಇದಕ್ಕಿಂತ ಹೆಚ್ಚು.

ವಾಕಿಂಗ್‌ಗೆ ಬರುವ ಗೆಳೆಯರು ಮೂರು ಭಯ ಹೇಳುತ್ತಾರೆ: ಜೇಡ ಕಚ್ಚುತ್ತದೆ, ಜೊಂಡಿದ್ದರೆ ಹಾವು ಬರುತ್ತದೆ, ಸೊಳ್ಳೆ ಆಗುತ್ತದೆ. ಕೈಯಲ್ಲಿ ಹಿಡಿದು ಅದುಮಿದರೆ ಈ ಜೇಡ ಕಚ್ಚಬಹುದು, ಮನುಷ್ಯರಿಗೆ ಅಪಾಯವಿಲ್ಲ. ಹಾವು ಬರುತ್ತದೆ, ನಿಜ. ಹೆಚ್ಚಿನವು ನೀರುಹಾವುಗಳು, ಆದರೂ ಬಿಡುವ ಪಟ್ಟಿ ನಡಿಗೆ ಪಥದಿಂದ ದೂರವಿರಲಿ ಎನ್ನುತ್ತೇನೆ. ಸೊಳ್ಳೆ ಹೆಚ್ಚುವುದು ಚರಂಡಿ ನೀರು ಸೇರಿ ಕೊಳೆತ ಕಡೆ, ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳು ಬದುಕಲಾರದ ಕಡೆ.

ಚರಂಡಿ ನೀರಿನ ವಿಷಯ ಬಂತು. ಬೆಳ್ಳಂದೂರಿನ ನೊರೆಯನ್ನು ನಾವೆಲ್ಲ ನೋಡಿದವರು. ಸೋಪು, ಡಿಟರ್ಜೆಂಟ್ ಸೇರಿದ ನೀರಿನ ಮೇಲ್ಮೈ ಸೆಳೆತ ಕುಗ್ಗುತ್ತದೆ, ಆ ಸೆಳೆತದ ಮೇಲೆ ಕಾಲೂರಿ ಬದುಕುವ ಜೀವಕ್ಕೆ ಅದು ನೆಲವನ್ನೇ ಕಸಿದಂತೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ನೀರಿಲ್ಲದೆ ಬಸವಳಿದ ಜಿಲ್ಲೆಗೆ ನೀರು ಬಂದದ್ದನ್ನು ನಾನು ಹಳಿಯುವುದಿಲ್ಲ. ಆದರೆ ಆ ನೀರಿನಲ್ಲಿ ಏನೇನಿದೆ, ಕೆಸರಿನಲ್ಲಿ ಏನು ತಂಗುತ್ತಿದೆ ಎಂಬುದನ್ನು ತಿಳಿಯಲು ನೀರಂಚಿನ ಜೇಡಗಳು ಒಳ್ಳೆಯ ಸಾಕ್ಷಿಗಳು. ಕೆಸರಿನಲ್ಲಿ ಬೆಳೆದ ಹುಳು ರೆಕ್ಕೆ ಬಂದು ಮೇಲೆದ್ದಾಗ ಜೇಡ ತಿನ್ನುತ್ತದೆ, ಹುಳುವಿನ ಮೈಯಲ್ಲಿದ್ದ ಪಾದರಸದಂಥ ವಿಷ ಜೇಡದ ಮೈ ಸೇರುತ್ತದೆ. ಅಮೆರಿಕದಲ್ಲಿ ಕಲುಷಿತ ಸರೋವರ, ನದಿಗಳ ಅಂಚಿನಲ್ಲಿ ಜೇಡ ಹಿಡಿದು ಪರೀಕ್ಷಿಸಿ ಮಾಲಿನ್ಯ ಎಲ್ಲಿಯವರೆಗೆ ಹರಡಿದೆ ಎಂದು ಅಳೆಯುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳೂ ಇದನ್ನು ಮಾಡಬಹುದು. ಅದಕ್ಕೆ ಮೊದಲು ಜೇಡ ಇರಬೇಕು.

ನಾನು ಕೇಳುವುದನ್ನು ಕಾಮಗಾರಿಯ ಭಾಷೆಯಲ್ಲೇ ಹೇಳುತ್ತೇನೆ. ಕಲ್ಲು ಜೋಡಣೆ ಏರಿಯ ಒಳಮೈಗೆ ಬೇಕು, ಅಲ್ಲಿಗೆ ನಿಲ್ಲಲಿ. ಕೆರೆಯಂಗಳದ ಕಡೆ, ಹಳ್ಳ ಬಂದು ಸೇರುವ ಬಾಯಿಯ ಕಡೆ ಇಳಿಜಾರು ಮಣ್ಣಿನದೇ ಇರಲಿ. ದಡದ ಸುತ್ತಳತೆಯ ಮೂರನೇ ಒಂದು ಭಾಗವನ್ನಾದರೂ ಮುಟ್ಟದೆ ಬಿಡಿ, ತುಂಡು ತುಂಡಾಗಿ ಬಿಡುವುದಕ್ಕಿಂತ ಒಂದೇ ಕಡೆ ಉದ್ದಕ್ಕೆ ಬಿಡುವುದು ಒಳ್ಳೆಯದು. ಜೊಂಡು ತೀರ ಹಬ್ಬಿದ ಕೆರೆಯಾದರೆ ಈ ವರ್ಷ ಒಂದು ಪಕ್ಕ, ಎರಡು ಮಳೆಗಾಲ ಕಳೆದು ಇನ್ನೊಂದು ಪಕ್ಕ ತೆಗೆಯಿರಿ, ಬೆಂಕಿ ಹಚ್ಚುವುದು ಮತ್ತು ಕಳೆನಾಶಕ ಹೊಡೆಯುವುದು ಎರಡೂ ಬೇಡ. ಅಂತರಗಂಗೆ ಬೇರೆ ಮಾತು. ನೀರನ್ನೇ ಮುಚ್ಚಿ ಉಸಿರುಗಟ್ಟಿಸುವ ಆ ಗಿಡವನ್ನು ಧಾರಾಳವಾಗಿ ತೆಗೆಸಿ, ಜೊಂಡನ್ನೂ ಅದರ ಲೆಕ್ಕಕ್ಕೇ ಸೇರಿಸಿ ‘ಕಳೆ ತೆರವು’ ಎಂದು ಬಿಲ್ ಬರೆಯಬೇಡಿ. ಹೂಳು ಬೇಕಾದ ರೈತರಿಗೆ ಕೆರೆಯ ನಡುವಿನ ಆಳದಲ್ಲೇ ಬೇಕಾದಷ್ಟು ಸಿಗುತ್ತದೆ.

ಇದರಿಂದ ಖರ್ಚು ಹೆಚ್ಚುವುದಿಲ್ಲ. ಅಗೆಯುವುದು, ಕಲ್ಲು ಹೊದಿಸುವುದು ಕಡಿಮೆಯಾದಷ್ಟೂ ಹಣ ಉಳಿಯುತ್ತದೆ. ಉಳಿದದ್ದರಲ್ಲಿ ಒಂದು ಸಣ್ಣ ಪಾಲನ್ನು ಕಾಮಗಾರಿಗೆ ಮೊದಲಿನ ಸಮೀಕ್ಷೆಗೆ ಇಡಿ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆಯ ಆರಂಭಕ್ಕೆ ಒಮ್ಮೆ ಅಂಚಿನಲ್ಲಿ ನಡೆದು, ರಾತ್ರಿ ಹೆಡ್‌ಲ್ಯಾಂಪ್ ಹಿಡಿದು ನೋಡಲಿ. ಜೇಡದ ಕಣ್ಣು ಬೆಳಕಿಗೆ ಮಿಂಚುತ್ತದೆ, ಹುಡುಕುವುದು ಕಷ್ಟವಲ್ಲ. ಹಕ್ಕಿಗಳ ಪಟ್ಟಿಯ ಕೆಳಗೆ ಜೇಡಗಳ ಪಟ್ಟಿಯೂ ಯೋಜನಾ ವರದಿಯಲ್ಲಿ ಅಚ್ಚಾಗಲಿ. ನಮ್ಮ ಊರಿನ ಕೆರೆಗೆ ಬರಲು ಯಾರಾದರೂ ಒಪ್ಪಿದರೆ ಜೊತೆಗೆ ನಾನು ಬರುತ್ತೇನೆ, ಊಟದ ವ್ಯವಸ್ಥೆ ನಮ್ಮದು.

ಈ ಸಾಲಿನ ಕಾಮಗಾರಿಗಳ ನಕ್ಷೆಯನ್ನು ಟೆಂಡರ್ ಕರೆಯುವ ಮೊದಲು ಪಂಚಾಯ್ತಿ ಕಚೇರಿಯ ಫಲಕಕ್ಕೆ ಹಾಕಿಸಿ. ಬಿಡುವ ಅಂಚು ಯಾವುದೆಂದು ಅದರಲ್ಲಿ ಹಸಿರು ಬಣ್ಣದಲ್ಲಿ ಗುರುತಿಸಿ, ಹಿಟಾಚಿ ಚಾಲಕರಿಗೆ ಕಾಣುವಂತೆ ಸ್ಥಳದಲ್ಲೂ ಗೂಟ ನೆಡಿಸಿ. ಗ್ರಾಮಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ಇದೇ ಪತ್ರದ ಪ್ರತಿಯನ್ನು ಅರ್ಜಿಯಾಗಿ ಕೊಡುತ್ತಿದ್ದೇನೆ. ನಿಮ್ಮ ಊರಿನ ಕೆರೆಗೂ ಕಾಮಗಾರಿ ಬರುವುದಿದ್ದರೆ, ಓದುಗರು ಇದನ್ನು ತಮ್ಮ ಅರ್ಜಿಯೆಂದೇ ಬಳಸಿಕೊಳ್ಳಬಹುದು.

ಇಂತಿ,
ಕೆರೆಯ ಅಚ್ಚುಕಟ್ಟಿನಲ್ಲಿ ವಾಸವಿರುವ ಒಬ್ಬ ನಾಗರಿಕ